ಕಾಣೆಯಾದವರ ಬಗ್ಗೆ ಪೊಲೀಸರು ಯಾಕೆ ಎಲ್ಲ ಹೇಳಲ್ಲ?

ಪೇಪರಿನ ಒಳಪುಟದಲ್ಲಿ ಆಗಾಗ ಒಂದು ಪುಟ್ಟ ಸುದ್ದಿ ಬರುತ್ತೆ. ಕುಂದಾಪುರ, ಬೈಂದೂರು, ಬ್ರಹ್ಮಾವರ, ಕೋಟ, ಗಂಗೊಳ್ಳಿ, ಹೀಗೆ ಯಾವುದೋ ಒಂದು ಠಾಣೆಯ ಹೆಸರು. ಪಕ್ಕದಲ್ಲಿ ಪಾಸ್‌ಪೋರ್ಟ್ ಸೈಜಿನ ಫೋಟೊ. ಹೆಸರು, ವಯಸ್ಸು, ಎತ್ತರ, ಗೋಧಿ ಮೈಬಣ್ಣ, ದುಂಡು ಮುಖ, ಮನೆಯಿಂದ ಹೊರಡುವಾಗ ತೊಟ್ಟಿದ್ದ ಅಂಗಿಯ ಬಣ್ಣ, ಕನ್ನಡ, ತುಳು ಮಾತನಾಡುತ್ತಾರೆ, ಸುಳಿವು ಸಿಕ್ಕವರು ಠಾಣೆಗೆ ತಿಳಿಸಿ. ಅಷ್ಟೇ. ಯಾಕೆ ಹೋದರು, ಕೊನೆಗೆ ಯಾರ ಜೊತೆ ಮಾತಾಡಿದ್ದರು, ಮೊಬೈಲ್ ಎಲ್ಲಿ ಸ್ವಿಚ್ ಆಫ್ ಆಯ್ತು, ಇದ್ಯಾವುದೂ ಅದರಲ್ಲಿ ಇರಲ್ಲ.

ಪೇಪರಿನಲ್ಲಿ ಇಲ್ಲದ್ದೆಲ್ಲ ಅಷ್ಟು ಹೊತ್ತಿಗೆ ವಾಟ್ಸಾಪಿನಲ್ಲಿ ಇರುತ್ತೆ. 'ಹೊಳೆಗೆ ಹಾರಿದ್ದಂಬ್ರ್.' 'ಬೆಂಗ್ಳೂರಲ್ಲಿ ಕಂಡಿದ್ರಂಬ್ರ್.' 'ಪೊಲೀಸ್ರಿಗೆ ಎಲ್ಲ ಗೊತ್ತಿತ್ತಂಬ್ರ್, ಹೇಳುದಿಲ್ಲ.' ಕುಂದಾಪ್ರ ಕನ್ನಡದ ಈ 'ಅಂಬ್ರ್' ತುಂಬ ಅನುಕೂಲದ ಪದ. ಹೇಳಿದ್ದು ಯಾರು ಅಂತ ಹೇಳದೆಯೇ ಸುದ್ದಿ ದಾಟಿಸಿಬಿಡಬಹುದು. ಸುಳ್ಳಾದರೆ ಹೊಣೆ ನಮ್ಮದಲ್ಲ!

ಮೂರನೆಯ ವಾಕ್ಯ ಮಾತ್ರ ಸ್ವಲ್ಪ ನಿಂತು ಯೋಚಿಸುವಂಥದ್ದು. ಪೊಲೀಸರಿಗೆ ಗೊತ್ತಿರುವುದನ್ನೆಲ್ಲ ಅವರು ಹೇಳುವುದಿಲ್ಲ ಅನ್ನುವುದು ನಿಜವೇ. ಯಾಕೆ ಹೇಳುವುದಿಲ್ಲ? ಯಾವಾಗ ಆ ಮೌನ ಸರಿ, ಯಾವಾಗ ತಪ್ಪು? ಈ ಸಲ ಅದನ್ನೇ ಬಿಡಿಸಿ ನೋಡೋಣ ಅಂತ ಹೊರಟಿದ್ದೇವೆ.

ಮೊದಲ ದಿನ ಯಾರಿಗೂ ಏನೂ ಗೊತ್ತಿರಲ್ಲ

ಒಬ್ಬರು ಕಾಣೆ ಆದರು ಅಂದ್ರೆ ನಾಲ್ಕು ಸಾಧ್ಯತೆ. ಒಂದು, ಅವರಾಗಿಯೇ ಹೋಗಿದ್ದಾರೆ. ಎರಡು, ಅಪಘಾತ. ನಮ್ಮ ಕಡೆ ಹೊಳೆ, ಕಡಲು, ಬಾವಿ, ರೈಲ್ವೆ ಹಳಿ ಎಲ್ಲವೂ ಮನೆ ಹತ್ತಿರವೇ ಇರುವುದರಿಂದ ಇದು ಸಣ್ಣ ಸಾಧ್ಯತೆ ಅಲ್ಲ. ಮೂರು, ಮರೆವಿನ ಕಾಯಿಲೆ ಇರುವ ಹಿರಿಯರು, ಮನಸ್ಸು ಸರಿ ಇಲ್ಲದವರು ದಾರಿ ತಪ್ಪಿರುವುದು. ನಾಲ್ಕು, ಯಾರೋ ಏನೋ ಮಾಡಿದ್ದಾರೆ.

ಮೊದಲ ದಿನ ಈ ನಾಲ್ಕೂ ಬಾಗಿಲು ತೆರೆದೇ ಇರುತ್ತೆ. ಒಂದೊಂದಕ್ಕೂ ಬೇರೆ ಬೇರೆ ಥರದ ಹುಡುಕಾಟ ಬೇಕು. 'ಹೊಳೆಗೆ ಬಿದ್ದಿರಬಹುದು' ಅಂತ ಠಾಣೆಯಿಂದ ಒಂದು ಮಾತು ಹೊರಬಿತ್ತು ಅಂದ್ಕೊಳ್ಳಿ. ಮರುಕ್ಷಣದಿಂದ ಊರಿನವರ ಕಣ್ಣೆಲ್ಲ ಹೊಳೆ ಕಡೆ. ಅದೇ ಹೊತ್ತಿಗೆ ಆ ವ್ಯಕ್ತಿ ಬೈಂದೂರು ಸ್ಟೇಷನ್ನಿನ ಬೆಂಚಿನ ಮೇಲೆ ಕೂತಿದ್ದರೂ ಅವರನ್ನು ಗುರುತು ಹಿಡಿಯುವವರು ಇರಲ್ಲ. ಆದ್ದರಿಂದ ಪ್ರಕಟಣೆಯಲ್ಲಿ ಗುರುತು ಹಿಡಿಯಲು ಬೇಕಾದದ್ದು ಮಾತ್ರ ಇರುತ್ತೆ. ಊಹೆಗೆ ದಾರಿ ಮಾಡುವುದು ಇರಲ್ಲ.

ಮಾಡಿದವನಿಗೆ ಮಾತ್ರ ಗೊತ್ತಿರಬೇಕಾದದ್ದು

ಮೆಷಿನ್ ಲರ್ನಿಂಗ್ ಲ್ಯಾಬ್ ಮುಗಿಸಿದವರಿಗೆ ಇದು ಬೇಗ ಅರ್ಥ ಆಗುತ್ತೆ. ನಾವು ಡೇಟಾದಲ್ಲಿ ಒಂದು ಭಾಗವನ್ನು ಟೆಸ್ಟಿಗೆ ಅಂತ ತೆಗೆದಿಡ್ತೇವೆ, ಮಾಡೆಲ್‌ಗೆ ತೋರಿಸಲ್ಲ. ತೋರಿಸಿಬಿಟ್ಟರೆ ಆಮೇಲೆ ನೂರಕ್ಕೆ ನೂರು ಬಂದರೂ ಬೆಲೆ ಇಲ್ಲ, ಅದು ಕಲಿತದ್ದೋ ಬಾಯಿಪಾಠವೋ ಗೊತ್ತಾಗಲ್ಲ. ತನಿಖೆಯಲ್ಲಿ ಹಿಡಿದಿಟ್ಟ ವಿವರಗಳು ಇಂಥ ಟೆಸ್ಟ್ ಡೇಟಾ. ಬ್ಯಾಗ್ ಯಾವ ತೋಟದಲ್ಲಿ ಸಿಕ್ಕಿತು, ಚಪ್ಪಲಿ ಯಾವ ಕಾಲಿನದು, ಬಾಗಿಲಿಗೆ ಬೀಗ ಹಾಕಿತ್ತೋ ಇಲ್ವೋ. ಇವೆಲ್ಲ ಪೇಪರಿನಲ್ಲಿ ಬಂದುಬಿಟ್ಟರೆ ನಾಳೆ 'ನಾನು ಕಣ್ಣಾರೆ ಕಂಡೆ' ಅನ್ನುವವರು ನಿಜವಾಗಿ ಕಂಡವರೋ ಪೇಪರ್ ಓದಿದವರೋ ಹೇಳುವುದು ಹೇಗೆ?

ಇದಕ್ಕೆ ಕಾನೂನಿನ ಒಂದು ಗಟ್ಟಿ ಕಾರಣವೂ ಇದೆ. ನಮ್ಮ ದೇಶದಲ್ಲಿ ಆರೋಪಿ ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆ ಕೋರ್ಟಿನಲ್ಲಿ ಸಾಕ್ಷಿಯಾಗಿ ನಿಲ್ಲಲ್ಲ. ಹೊಡೆದು ಒಪ್ಪಿಸಬಾರದು ಅನ್ನುವುದಕ್ಕೇ ಈ ನಿಯಮ. ಆದರೆ ಒಂದು ವಿನಾಯಿತಿ ಇದೆ. ಆರೋಪಿ ಹೇಳಿದ ಮಾತಿನಿಂದಲೇ ಹೊಸದಾಗಿ ಒಂದು ಸಂಗತಿ ಪತ್ತೆಯಾದರೆ, ಅದಕ್ಕೆ ಸಂಬಂಧಿಸಿದ ಅಷ್ಟು ಮಾತು ಮಾತ್ರ ಸಾಕ್ಷಿ ಆಗುತ್ತೆ. ಹಳೆಯ ಸಾಕ್ಷ್ಯ ಕಾಯ್ದೆಯ 27ನೇ ಸೆಕ್ಷನ್ ಇದು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ 23ನೇ ಸೆಕ್ಷನ್ನಿಗೆ ಸೇರಿದೆ. 'ಮೊಬೈಲನ್ನು ಇಂಥ ಬಾವಿಗೆ ಹಾಕಿದ್ದೇನೆ' ಅಂತ ಆರೋಪಿ ಹೇಳಿ, ಅಲ್ಲೇ ಮೊಬೈಲ್ ಸಿಕ್ಕಿದರೆ ಅದಕ್ಕೆ ತೂಕ. ಬಾವಿಯ ವಿಷಯ ಮೊದಲೇ ಊರಿಗೆಲ್ಲ ಗೊತ್ತಿದ್ದರೆ? 'ಎಲ್ಲರಿಗೂ ಗೊತ್ತಿತ್ತಲ್ಲ ಸ್ವಾಮಿ, ನನ್ನ ಕಕ್ಷಿದಾರ ಹೇಳಿದ್ದರಲ್ಲಿ ಹೊಸತೇನು?' ಅಂತ ವಕೀಲರು ಕೇಳ್ತಾರೆ. ಕೇಳಲೇಬೇಕು, ಅದು ಅವರ ಕೆಲಸ.

ಗುರುತು ಪರೇಡ್ ಕಥೆಯೂ ಹೀಗೇ. ಶಂಕಿತನ ಫೋಟೊ ಮೊದಲೇ ಎಲ್ಲ ಕಡೆ ಬಂದಿದ್ದರೆ ಸಾಕ್ಷಿದಾರ ಸಾಲಿನಲ್ಲಿ ಅವನನ್ನೇ ತೋರಿಸಿದರೂ ಕೋರ್ಟ್ ಅದನ್ನು ಸುಲಭವಾಗಿ ನಂಬಲ್ಲ.

ಕೇಳುತ್ತಿರುವವರು ಯಾರು?

ಪೊಲೀಸರು ಊರಿಗೆ ಹೇಳಿದ್ದನ್ನು ಊರಿನವರೆಲ್ಲ ಕೇಳ್ತಾರೆ. ಆ 'ಎಲ್ಲರಲ್ಲಿ' ಮಾಡಿದವನೂ ಇರಬಹುದು. ನಮ್ಮ ಜಿಲ್ಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 2016ರ ಜುಲೈ 28ರಂದು ಉಡುಪಿಯ ಉದ್ಯಮಿ ಭಾಸ್ಕರ ಶೆಟ್ಟಿ ಕಾಣೆಯಾದರು. ಮಣಿಪಾಲ ಠಾಣೆಗೆ ದೂರು ಕೊಟ್ಟವರು ಅವರ ತಾಯಿ. ಶುರುವಿನಲ್ಲಿ ಅದು ಬರೀ ಒಂದು ನಾಪತ್ತೆ ದೂರು. ಸುಮಾರು ಹತ್ತು ದಿನಗಳ ನಂತರ ಬಂಧನಕ್ಕೆ ಒಳಗಾದವರು ಅವರ ಪತ್ನಿ, ಮಗ ಮತ್ತು ಒಬ್ಬ ಜ್ಯೋತಿಷಿ. ಇಂದ್ರಾಳಿಯ ಮನೆಯಲ್ಲಿ ಕೊಲೆ ಮಾಡಿ, ನಂದಳಿಕೆಯಲ್ಲಿ ಹೋಮಕುಂಡದಲ್ಲಿ ಸುಟ್ಟು, ಉಳಿದದ್ದನ್ನು ಹೊಳೆಗೆ ಹಾಕಿದ್ದರು. 2021ರ ಜೂನ್‌ನಲ್ಲಿ ಉಡುಪಿಯ ಕೋರ್ಟ್ ಈ ಮೂವರಿಗೂ ಜೀವಾವಧಿ ಶಿಕ್ಷೆ ಕೊಟ್ಟಿತು.

ಒಮ್ಮೆ ಯೋಚಿಸಿ. ಕಾಣೆಯಾದವರ ಮನೆಯವರಿಗೆ ತನಿಖೆಯ ಎಲ್ಲ ವಿವರ ದಿನಾ ತಿಳಿಸಬೇಕು ಅನ್ನುವುದು ಮೇಲ್ನೋಟಕ್ಕೆ ನ್ಯಾಯದ ಮಾತು. ಆದರೆ ಇಂಥ ಪ್ರಕರಣದಲ್ಲಿ 'ನಾಳೆ ಇಂಥ ಕಡೆ ಹುಡುಕ್ತೇವೆ' ಅಂತ ಮನೆಗೆ ತಿಳಿಸಿದ್ದರೆ ಏನಾಗ್ತಿತ್ತು? ಹಾಗಂತ ಕಾಣೆಯಾದವರ ಮನೆಯವರೆಲ್ಲ ಸಂಶಯಿತರು ಅಂತ ಅಲ್ಲ. ಹೆಚ್ಚಿನವರು ಊಟ ನಿದ್ದೆ ಬಿಟ್ಟು ಬಾಗಿಲು ನೋಡ್ತಾ ಕೂತಿರುವವರೇ. ಕಷ್ಟ ಏನಂದ್ರೆ, ಮೊದಲ ವಾರದಲ್ಲಿ ಯಾರು ಯಾವ ಕಡೆ ಅಂತ ಪೊಲೀಸರಿಗೂ ಗೊತ್ತಿರಲ್ಲ.

ಸಾಸ್ತಾನದಿಂದ ಶಿರೂರಿಗೆ

ನಮ್ಮ ಮೂರು ತಾಲೂಕನ್ನು ಒಂದೇ ದಾರದಲ್ಲಿ ಪೋಣಿಸಿದ್ದು ರಾಷ್ಟ್ರೀಯ ಹೆದ್ದಾರಿ 66. ಬ್ರಹ್ಮಾವರ ತಾಲೂಕಿನ ಸಾಸ್ತಾನದಲ್ಲಿ ಒಂದು ಟೋಲ್, ಬೈಂದೂರಿನ ಶಿರೂರಿನಲ್ಲಿ ಇನ್ನೊಂದು. ಒಂದು ಕಾರು ಉತ್ತರಕ್ಕೆ ಹೋಗ್ತಾ ಸಾಸ್ತಾನ ದಾಟಿದೆ, ಶಿರೂರು ದಾಟಿಲ್ಲ ಅಂದ್ರೆ ಏನರ್ಥ? ಒಂದೋ ನಡುವೆ ಎಲ್ಲೋ ಇದೆ, ಇಲ್ಲಾ ಸಿದ್ದಾಪುರದ ಕಡೆಗೋ ಕೊಲ್ಲೂರಿನ ಕಡೆಗೋ ತಿರುಗಿ ಘಟ್ಟ ಹತ್ತಿದೆ. ಇಷ್ಟು ಗೊತ್ತಾದರೆ ಹುಡುಕುವ ಜಾಗ ಒಮ್ಮೆಲೇ ಕಿರಿದಾಗುತ್ತೆ. ಇದೇ ಮಾತು ಸಂಜೆಯ ಬುಲೆಟಿನ್ನಿನಲ್ಲಿ ಬಂದರೆ ಕಾರಿನಲ್ಲಿ ಇರುವವನಿಗೂ ಅದು ಸಿಗುತ್ತೆ. ಅವನು ಕಾರು ಬಿಟ್ಟು ಬಸ್ ಹತ್ತುತ್ತಾನೆ.

ಇದು ಬರೀ ಲೆಕ್ಕಾಚಾರ ಅಲ್ಲ. 2022ರ ಜುಲೈ 13ರಂದು ಬೈಂದೂರಿನ ಒತ್ತಿನೆಣೆ ಹತ್ತಿರ ಹೇನುಬೇರು ಎಂಬಲ್ಲಿ ಸುಟ್ಟುಹೋದ ಒಂದು ಕಾರು ಸಿಕ್ಕಿತು. ಒಳಗೆ ಗುರುತು ಸಿಗದ ಹಾಗೆ ಸುಟ್ಟ ಒಂದು ದೇಹ. ಕಾರು ಕಾರ್ಕಳ ಕಡೆಯ ಒಬ್ಬರದ್ದು. ಸತ್ತವರು ಅವರೇ ಅಂತ ಅಂದುಕೊಳ್ಳುವುದು ಸಹಜ. ಪೊಲೀಸರು ಹಾಗೆ ಅಂದುಕೊಂಡು ಕೂರಲಿಲ್ಲ. ಸಾಸ್ತಾನ ಟೋಲಿನ ಸಿಸಿಟಿವಿ ದೃಶ್ಯ ಸುಳಿವು ಕೊಟ್ಟಿತು. ಕೆಲವೇ ದಿನಗಳಲ್ಲಿ ಬಂಧನ ಆಯ್ತು. ಪೊಲೀಸರು ಹೇಳಿದ ಪ್ರಕಾರ, ಹಳೆಯ ಕೇಸೊಂದರಿಂದ ತಪ್ಪಿಸಿಕೊಳ್ಳಲು ತಾನೇ ಸತ್ತೆ ಅಂತ ತೋರಿಸುವುದು ಕಾರಿನ ಮಾಲೀಕನ ಉಪಾಯ. ಅದಕ್ಕೆ ಬಲಿಯಾದವರು ಕೂಲಿ ಮಾಡಿ ಬದುಕುತ್ತಿದ್ದ ಕಾರ್ಕಳದ ಇನ್ನೊಬ್ಬರು.

ಇಲ್ಲಿ ಎರಡು ಪಾಠ. ದೇಹದ ಗುರುತು ಖಾತ್ರಿ ಆಗುವ ಮೊದಲು ಹೆಸರು ಹೇಳಿಬಿಟ್ಟರೆ ಒಂದು ಮನೆಯಲ್ಲಿ ಸುಳ್ಳು ಸೂತಕ, ಇನ್ನೊಂದು ಮನೆಯಲ್ಲಿ ಸುಳ್ಳು ಆಸೆ. ಹಾಗೆಯೇ, ಎಲ್ಲರೂ ತಾನು ಸತ್ತೆ ಅಂತ ನಂಬಿದ್ದಾರೆ ಎಂದುಕೊಂಡವನು ನಿರಾಳವಾಗಿ ಓಡಾಡ್ತಾನೆ. ಟೋಲಿನ ಕ್ಯಾಮೆರಾದಲ್ಲಿ ಏನು ಕಂಡಿತು ಅಂತ ಅವನಿಗೆ ಗೊತ್ತಿಲ್ಲದಷ್ಟು ಹೊತ್ತು ಹಿಡಿಯುವುದು ಸುಲಭ.

'ಲೊಕೇಶನ್ ಸಿಕ್ಕಿತು' ಅಂದ್ರೆ ಏನು?

ಸಿನಿಮಾದಲ್ಲಿ ಪರದೆ ಮೇಲೆ ಕೆಂಪು ಚುಕ್ಕಿ ಮಿನುಗುತ್ತೆ, ಜೀಪು ಹೊರಡುತ್ತೆ. ನಿಜದಲ್ಲಿ ಠಾಣೆಗೆ ಬರುವುದು ಕರೆಗಳ ದಾಖಲೆಯ ಒಂದು ಉದ್ದ ಪಟ್ಟಿ. ಯಾವ ನಂಬರಿಗೆ, ಎಷ್ಟು ಹೊತ್ತಿಗೆ, ಎಷ್ಟು ಸೆಕೆಂಡು, ಯಾವ ಟವರಿನ ಯಾವ ಸೆಕ್ಟರ್. ಸಾಮಾನ್ಯವಾಗಿ ಒಂದು ಟವರಿನಲ್ಲಿ ತಲಾ 120 ಡಿಗ್ರಿಯ ಮೂರು ಸೆಕ್ಟರ್. ಕುಂದಾಪುರ ಪೇಟೆಯಲ್ಲಿ ಟವರುಗಳು ಒತ್ತೊತ್ತಾಗಿರುವುದರಿಂದ ಒಂದು ಸೆಕ್ಟರ್ ಅಂದ್ರೆ ಕೆಲವು ನೂರು ಮೀಟರ್. ಘಟ್ಟದ ಬುಡದ ಊರುಗಳಲ್ಲಿ ಅದೇ ಸೆಕ್ಟರ್ ಕೆಲವು ಕಿಲೋಮೀಟರ್ ಉದ್ದದ ಒಂದು ತುಂಡು. ಅದರೊಳಗೆ ಕಾಡು, ತೋಟ, ನೂರಾರು ಮನೆ. ಕಡಲಂಚಿನಲ್ಲಿ ಇನ್ನೊಂದು ತೊಂದರೆ: ನೀರಿನ ಮೇಲೆ ಸಿಗ್ನಲ್‌ಗೆ ಅಡ್ಡ ಏನೂ ಇಲ್ಲದ್ದರಿಂದ ದೂರದ ಟವರೂ ಹಿಡಿಯಬಹುದು.

'ಕೊನೆಯ ಲೊಕೇಶನ್ ಇಂಥ ಊರು' ಅಂತ ಸುದ್ದಿ ಹೊರಬಿದ್ದರೆ ಊರಿನವರು ಆ ತುಂಡಿನಲ್ಲಿರುವ ಯಾರದೋ ಮನೆ ಬಾಗಿಲಿಗೆ ಹೋಗಿ ನಿಲ್ಲುತ್ತಾರೆ. ಟವರ್ ಹೇಳಿದ್ದು ಒಂದು ಪ್ರದೇಶ, ಜನ ಕೇಳಿಸಿಕೊಂಡಿದ್ದು ಒಂದು ವಿಳಾಸ. ಈ ಎರಡರ ನಡುವೆ ಒಬ್ಬ ನಿರಪರಾಧಿ ಏಟು ತಿನ್ನಬಹುದು.

ಕಾಣೆಯಾದವರಿಗೂ ಒಂದು ಹಕ್ಕಿದೆ

ಇದನ್ನು ನಾವು ಸುಲಭವಾಗಿ ಮರೆಯುತ್ತೇವೆ. 18 ತುಂಬಿದವರು ಮನೆ ಬಿಟ್ಟು ಹೋಗುವುದು ಅಪರಾಧ ಅಲ್ಲ. ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟ್ 2017ರ ಆಗಸ್ಟ್ 24ರಂದು ಪುಟ್ಟಸ್ವಾಮಿ ಪ್ರಕರಣದಲ್ಲಿ ಹೇಳಿತು. ಆ ಅರ್ಜಿ ಹಾಕಿದ ಕೆ.ಎಸ್. ಪುಟ್ಟಸ್ವಾಮಿ ನಮ್ಮ ಕರ್ನಾಟಕ ಹೈಕೋರ್ಟಿನಲ್ಲಿ ನ್ಯಾಯಮೂರ್ತಿ ಆಗಿದ್ದವರು. ವಯಸ್ಕರೊಬ್ಬರು ಪತ್ತೆಯಾಗಿ 'ನಾನು ಸ್ವಇಚ್ಛೆಯಿಂದ ಬಂದಿದ್ದೇನೆ, ವಿಳಾಸ ಹೇಳಬೇಡಿ' ಅಂದರೆ ಪೊಲೀಸರು ಮನೆಯವರಿಗೆ 'ಕ್ಷೇಮವಾಗಿದ್ದಾರೆ' ಅಂತ ಮಾತ್ರ ಹೇಳಬಹುದು. ಮನೆಯಲ್ಲಿ ಹೊಡೆತ ತಾಳಲಾರದೆ ಹೋದವರು ಇರಬಹುದು. ಬೇರೆ ಜಾತಿಯ, ಬೇರೆ ಧರ್ಮದ ಸಂಗಾತಿಯ ಜೊತೆ ಹೋದವರು ಇರಬಹುದು. ಅವರ ವಿಳಾಸ ಹೊರಬಿದ್ದರೆ ಜೀವಕ್ಕೇ ಸಂಚಕಾರ.

ಇನ್ನು ಮನಸ್ಸು ಸೋತು ಹೊರಟವರು. ಅವರು ಬರೆದಿಟ್ಟ ಚೀಟಿ, ಕಳಿಸಿದ ಮೆಸೇಜು ಊರಿಗೆಲ್ಲ ಹರಡಿದರೆ ವಾಪಸ್ ಬರುವ ದಾರಿ ಮುಚ್ಚಿದ ಹಾಗೆ. 'ಯಾವ ಮುಖ ಇಟ್ಕೊಂಡು ಬರ್ಲಿ' ಅನ್ನಿಸಿಬಿಡುತ್ತೆ. 2019ರ ಜುಲೈ 29ರ ಸಂಜೆ ಉದ್ಯಮಿ ವಿ.ಜಿ. ಸಿದ್ಧಾರ್ಥ ಮಂಗಳೂರಿನ ನೇತ್ರಾವತಿ ಸೇತುವೆ ಬಳಿ ಕಾಣೆಯಾದಾಗ ಆದದ್ದನ್ನು ನೆನಪು ಮಾಡಿಕೊಳ್ಳಿ. ಹೊಳೆಯಲ್ಲಿ ಹುಡುಕಾಟ ನಡೆಯುತ್ತಿರುವಾಗಲೇ ಅವರದ್ದು ಎನ್ನಲಾದ ಪತ್ರ ಎಲ್ಲರ ಮೊಬೈಲಿಗೂ ಬಂದಿತ್ತು. ಸಹಿ ಅವರದ್ದೇ ಹೌದೋ ಅಲ್ವೋ ಅಂತ ಚರ್ಚೆ ಶುರುವಾಗಿತ್ತು. ಜುಲೈ 31ರ ಬೆಳಿಗ್ಗೆ ದೇಹ ಸಿಕ್ಕುವವರೆಗೂ ಅವರ ಮನೆಯವರು ಒಂದು ಕಡೆ ಕಾಯುತ್ತಾ, ಇನ್ನೊಂದು ಕಡೆ ಟಿವಿಯಲ್ಲಿ ಆ ಪತ್ರದ ಸಾಲು ಸಾಲನ್ನೂ ಜನ ಬಿಡಿಸುವುದನ್ನು ಕೇಳಬೇಕಾಯ್ತು. ಆ ಪತ್ರ ಹರಡಿದ್ದರಿಂದ ಹುಡುಕಾಟಕ್ಕೆ ಏನೂ ಸಹಾಯ ಆಗಿರಲಿಲ್ಲ.

ಮಕ್ಕಳ ವಿಷಯ ಮಾತ್ರ ಬೇರೆ. 18 ತುಂಬದವರು ಕಾಣೆಯಾದರೆ ಅಪಹರಣ ಅಂತಲೇ ಭಾವಿಸಿ ಎಫ್‌ಐಆರ್ ಹಾಕಬೇಕು ಅಂತ ಸುಪ್ರೀಂ ಕೋರ್ಟ್ 2013ರ ಮೇ ತಿಂಗಳಲ್ಲಿ ಬಚ್‌ಪನ್ ಬಚಾವೋ ಆಂದೋಲನ್ ಪ್ರಕರಣದಲ್ಲಿ ಆದೇಶ ಕೊಟ್ಟಿದೆ. '24 ಗಂಟೆ ಕಾಯಿರಿ' ಅನ್ನುವ ನಿಯಮ ಎಲ್ಲೂ ಇಲ್ಲ. ಮಗುವಿನ ಫೋಟೊ ಬೇಗ ಹರಡಿದಷ್ಟೂ ಒಳ್ಳೆಯದು. ಮಗು ಸಿಕ್ಕ ಮೇಲೆ ಅದೇ ಫೋಟೊ ಬೇಗ ಅಳಿಸಿದಷ್ಟೂ ಒಳ್ಳೆಯದು. ಸಂತ್ರಸ್ತ ಮಗುವಿನ ಗುರುತು ಪ್ರಕಟಿಸುವುದು ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಅಪರಾಧ.

ಮೌನ ತಪ್ಪಾಗುವುದು ಯಾವಾಗ?

ಇಷ್ಟೆಲ್ಲ ಹೇಳಿದ್ದು ಪೊಲೀಸರ ಪರ ವಕಾಲತ್ತಿಗೆ ಅಲ್ಲ. ಊರಿಗೆ ಹೇಳದೇ ಇರುವುದು ಒಂದು. ಒಂದು ಠಾಣೆ ಇನ್ನೊಂದು ಠಾಣೆಗೆ ಹೇಳದೇ ಇರುವುದು ಬೇರೆಯೇ ಒಂದು. ಎರಡನೆಯದಕ್ಕೆ ಕರಾವಳಿ ತೆತ್ತ ಬೆಲೆ ಸಯನೈಡ್ ಮೋಹನ್ ಪ್ರಕರಣ.

ದಕ್ಷಿಣ ಕನ್ನಡ ಸುತ್ತಮುತ್ತಲಿನ ಬಡ ಮನೆಗಳ ಹೆಣ್ಣುಮಕ್ಕಳು ವರ್ಷಗಳ ಕಾಲ ಒಬ್ಬೊಬ್ಬರಾಗಿ ಕಾಣೆಯಾದರು. ಅದೇ ಹೊತ್ತಿಗೆ ಮೈಸೂರು, ಮಡಿಕೇರಿ, ಹಾಸನದಂಥ ಊರುಗಳ ಬಸ್ ನಿಲ್ದಾಣದ ಶೌಚಾಲಯಗಳಲ್ಲಿ ಗುರುತು ಗೊತ್ತಿಲ್ಲದ ಹೆಣ್ಣುಮಕ್ಕಳ ದೇಹ ಸಿಗುತ್ತಿತ್ತು. ಇಲ್ಲಿ ನಾಪತ್ತೆ ಕಡತ, ಅಲ್ಲಿ ಅಸಹಜ ಸಾವಿನ ಕಡತ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದವರಿರಲಿಲ್ಲ. 2009ರ ಜೂನ್‌ನಲ್ಲಿ ಬಂಟ್ವಾಳ ಕಡೆಯ ಒಬ್ಬ ಯುವತಿ ಕಾಣೆಯಾದಾಗ ಊರಿನಲ್ಲಿ ಹಬ್ಬಿದ್ದು 'ಬೇರೆ ಧರ್ಮದವನ ಜೊತೆ ಓಡಿಹೋದಳಂತೆ' ಅನ್ನುವ ಗಾಳಿಸುದ್ದಿ. ಪ್ರತಿಭಟನೆಯೂ ಆಯ್ತು. ಪೊಲೀಸರು ಮೊಬೈಲ್ ಕರೆಗಳ ಸರಪಣಿ ಹಿಡಿದು ಹೋದಾಗ ಅಕ್ಟೋಬರ್‌ನಲ್ಲಿ ಸಿಕ್ಕಿದ್ದು ಒಬ್ಬ ಪ್ರಾಥಮಿಕ ಶಾಲೆಯ ಮಾಜಿ ಮೇಷ್ಟ್ರು. ಒಟ್ಟು 20 ಕೊಲೆಯ ಕೇಸು ದಾಖಲಾದವು. ಗಾಳಿಸುದ್ದಿಗೂ ನಿಜಕ್ಕೂ ಸಂಬಂಧವೇ ಇರಲಿಲ್ಲ. ಹಾಗೆಯೇ, ಕಡತಗಳು ಒಂದಕ್ಕೊಂದು ಮಾತಾಡಿದ್ದರೆ ಎಷ್ಟೋ ಜೀವ ಉಳಿಯುತ್ತಿತ್ತು.

ಮನೆಯವರನ್ನು ಕತ್ತಲಲ್ಲಿ ಇಡುವುದೂ ತಪ್ಪೇ. 2018ರ ಡಿಸೆಂಬರ್ 13ರಂದು ಮಲ್ಪೆಯಿಂದ ಏಳು ಮೀನುಗಾರರನ್ನು ಹೊತ್ತು ಹೊರಟ 'ಸುವರ್ಣ ತ್ರಿಭುಜ' ಬೋಟ್ ಎರಡು ಮೂರು ದಿನದಲ್ಲೇ ಸಂಪರ್ಕ ಕಳಕೊಂಡಿತು. ಜನವರಿಯಲ್ಲಿ ಸಾವಿರಾರು ಮೀನುಗಾರರು ಬೀದಿಗಿಳಿದು ಹೆದ್ದಾರಿ ತಡೆದರು. ಅವರು ಕೇಳಿದ್ದು ತನಿಖೆಯ ಗುಟ್ಟನ್ನಲ್ಲ. ಹುಡುಕ್ತಾ ಇದ್ದೀರಾ, ಎಲ್ಲಿ, ಎಷ್ಟು ದೂರ, ಅಷ್ಟೇ. 2019ರ ಮೇ ತಿಂಗಳಲ್ಲಿ ಮಹಾರಾಷ್ಟ್ರದ ಮಾಲ್ವಣ್ ಹತ್ತಿರದ ಕಡಲಾಳದಲ್ಲಿ ನೌಕಾಪಡೆಗೆ ಬೋಟಿನ ಅವಶೇಷ ಸಿಕ್ಕಿತು. ಆ ನಾಲ್ಕೂವರೆ ತಿಂಗಳು ಏಳು ಮನೆಗಳು ಹೇಗೆ ಕಳೆದವು ಅನ್ನುವುದನ್ನು ಮಲ್ಪೆಯಿಂದ ಭಟ್ಕಳದವರೆಗೆ ಕೇಳಿ ನೋಡಬೇಕು.

ಅದಕ್ಕೇ ಕಾನೂನು ಒಂದು ಗೆರೆ ಎಳೆದಿದೆ. ಎಫ್‌ಐಆರ್ ಆದ ಮೇಲೆ 90 ದಿನದೊಳಗೆ ತನಿಖೆ ಎಲ್ಲಿಗೆ ಬಂತು ಅಂತ ದೂರುದಾರರಿಗೆ ಪೊಲೀಸರು ತಿಳಿಸಲೇಬೇಕು. ಇದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 193ನೇ ಸೆಕ್ಷನ್ನಿನಲ್ಲಿದೆ. ಎಫ್‌ಐಆರ್‌ನ ಪ್ರತಿ ದೂರುದಾರರಿಗೆ ಉಚಿತವಾಗಿ ಸಿಗಬೇಕು. ಮಾಹಿತಿ ಹಕ್ಕು ಕಾಯ್ದೆಯಲ್ಲಿ ತನಿಖೆಗೆ ಅಡ್ಡಿ ಆಗುವ ಮಾಹಿತಿಗೆ ವಿನಾಯಿತಿ ಇದೆ ನಿಜ. ಆದರೆ 'ತನಿಖೆ ನಡೀತಾ ಇದೆ' ಅಂದರಷ್ಟೇ ಸಾಲದು, ಹೇಗೆ ಅಡ್ಡಿ ಆಗುತ್ತೆ ಅಂತ ತೋರಿಸಬೇಕು ಎಂದು ದೆಹಲಿ ಹೈಕೋರ್ಟ್ 2007ರಲ್ಲೇ ಹೇಳಿದೆ.

ಅಂದರೆ ಅಳತೆಗೋಲು ಇದು: ಏನು ಸಿಕ್ಕಿತು ಅನ್ನುವುದನ್ನು ಹಿಡಿದಿಡಬಹುದು, ಏನು ಮಾಡ್ತಾ ಇದ್ದೇವೆ ಅನ್ನುವುದನ್ನು ಮನೆಯವರಿಂದ ಮುಚ್ಚಿಡಬಾರದು. 'ಹೇಳೋಕಾಗಲ್ಲ, ಆದರೆ ಕೆಲಸ ನಡೀತಾ ಇದೆ, ಶುಕ್ರವಾರ ಬನ್ನಿ' ಅನ್ನುವ ಮೌನಕ್ಕೂ, ಫೈಲು ಮಡಚಿಟ್ಟ ಮೌನಕ್ಕೂ ತುಂಬ ವ್ಯತ್ಯಾಸ.

ನಮ್ಮ ಕೈಯಲ್ಲಿ ಏನಿದೆ?

ಹಾಸ್ಟೆಲಿನಲ್ಲೋ ಪಿಜಿಯಲ್ಲೋ ಗೆಳೆಯನೊಬ್ಬ ರಾತ್ರಿ ಬಂದಿಲ್ಲ, ಫೋನ್ ಹೋಗ್ತಿಲ್ಲ. ಆಗ ಇಷ್ಟು ಮಾಡೋಣ.

ಕಾಯುವುದು ಬೇಡ, 112ಕ್ಕೆ ಕರೆ ಮಾಡಿ. ಹತ್ತಿರದ ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು, 'ನಮ್ಮ ವ್ಯಾಪ್ತಿ ಅಲ್ಲ' ಅಂತ ವಾಪಸ್ ಕಳಿಸುವ ಹಾಗಿಲ್ಲ.

ಪೊಲೀಸರಿಗೆ ಎಲ್ಲ ಹೇಳಿ. ಜಗಳ, ಪ್ರೀತಿ, ಬ್ಯಾಕ್‌ಲಾಗ್, ಸಾಲದ ಆ್ಯಪ್, ಆನ್‌ಲೈನ್ ಗೇಮು, ಏನೂ ಮುಚ್ಚಿಡಬೇಡಿ. ಗೆಳೆಯನ ಮರ್ಯಾದೆ ಕಾಯಬೇಕಾದದ್ದು ಗ್ರೂಪಿನಲ್ಲಿ, ಠಾಣೆಯಲ್ಲಿ ಅಲ್ಲ.

ಅವನ ರೂಮಿನ ಹಾಸಿಗೆ, ಲ್ಯಾಪ್‌ಟಾಪ್, ಪುಸ್ತಕ ಮುಟ್ಟಬೇಡಿ. ಪೊಲೀಸರು ನೋಡುವವರೆಗೆ ಇದ್ದ ಹಾಗೇ ಇರಲಿ.

ಹರಡುವುದಿದ್ದರೆ ಠಾಣೆಯ ಪ್ರಕಟಣೆಯನ್ನೇ ಹರಡಿ, ಠಾಣೆಯ ನಂಬರಿನ ಜೊತೆ. ಮನೆಯವರ ನಂಬರ್ ಹಾಕಿದರೆ 'ನಿಮ್ಮ ಮಗ ನಮ್ಮ ಹತ್ರ ಇದ್ದಾನೆ, ದುಡ್ಡು ಹಾಕಿ' ಅನ್ನುವ ಮೋಸಗಾರರಿಗೂ ಅದೇ ನಂಬರ್ ಸಿಗುತ್ತೆ. ದಿನಾಂಕ ಇರಲಿ. ಸಿಕ್ಕ ಮೇಲೆ 'ಸಿಕ್ಕಿದ್ದಾರೆ' ಅಂತ ಒಂದು ಸಾಲು ಹಾಕಿ, ಫೋಟೊ ತೆಗೆಯಿರಿ.

ಏನಾದರೂ ಕಂಡಿದ್ದರೆ ಮೊದಲು ಪೊಲೀಸರಿಗೆ ಹೇಳಿ. ಸ್ಟೇಟಸ್ ಆಮೇಲೆ ನೋಡೋಣ, ಅಥವಾ ಹಾಕದೇ ಇದ್ದರೂ ನಡೆಯುತ್ತೆ.

ಗೆಳೆಯ ಮಂಕಾಗಿದ್ದಾನೆ ಅನ್ನಿಸಿದರೆ ಕಾಣೆಯಾಗುವವರೆಗೆ ಕಾಯಬಾರದು. ಟೆಲಿ-ಮಾನಸ್ ನಂಬರ್ 14416. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಪೇಪರಿನ ಆ ಪುಟ್ಟ ಸುದ್ದಿ ಇನ್ನೊಮ್ಮೆ ಕಂಡಾಗ 'ಇಷ್ಟೇನಾ' ಅಂತ ಪುಟ ತಿರುಗಿಸುವ ಮೊದಲು ಫೋಟೊ ಒಂದು ಕ್ಷಣ ನೋಡಿ. ಹೇಳದೆ ಬಿಟ್ಟದ್ದರ ಬಗ್ಗೆ ಕುತೂಹಲ ಎಲ್ಲರಿಗೂ ಇರುತ್ತೆ. ಬಸ್ ಸ್ಟ್ಯಾಂಡಿನಲ್ಲಿ ಗುರುತು ಹಿಡಿಯಲು ಬೇಕಾದದ್ದು ಮಾತ್ರ ಆ ಮುಖ ಮತ್ತು ಅಂಗಿಯ ಬಣ್ಣ. ಅದನ್ನು ಅವರು ಹೇಳಿಯೇ ಇದ್ದಾರೆ.